ಪಂಪ್‌ಸೆಟ್ಟಿನ ಬಳಿ ಇದ್ದವನಿಗೆ ಸಾಕ್ಷಿ ಯಾರು?

ಕಲ್ಕತ್ತೆಯಲ್ಲಿ ಒಂದು ಅಪರಾಧ ನಡೆದಿದೆ. ಅದೇ ದಿನ ಆರೋಪಿಯು ಲಾಹೋರಿನಲ್ಲಿದ್ದನೆಂಬ ಸಂಗತಿಯು ವಿಚಾರಣೆಗೆ ಪ್ರಸ್ತುತ. 1872ರ ಸಾಕ್ಷ್ಯ ಅಧಿನಿಯಮದ 11ನೇ ಕಲಮಿನ ಕೆಳಗೆ ಬ್ರಿಟಿಷರು ಬರೆದಿಟ್ಟ ಉದಾಹರಣೆಯಿದು. 2024ರ ಜುಲೈ 1ರಂದು ಹಳೆಯ ಕಾನೂನು ಹೋಗಿ 2023ರ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿತು. ಅದರ 9ನೇ ಕಲಮಿನಲ್ಲಿ ಅದೇ ಉದಾಹರಣೆ ಮುಂದುವರಿದಿದೆ. ಕಲ್ಕತ್ತೆಯ ಬದಲು ಚೆನ್ನೈ, ಲಾಹೋರಿನ ಬದಲು ಲಡಾಖ್. ನೂರೈವತ್ತು ವರ್ಷಗಳಲ್ಲಿ ಊರುಗಳ ಹೆಸರು ಬದಲಾದವು, ಸಾವಿರ ಮೈಲಿಯ ಆ ದೂರ ಮಾತ್ರ ಬದಲಾಗಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯಾವ ರೈತನೂ, ಯಾವ ಕುರಿಗಾಹಿಯೂ ಅಪರಾಧ ನಡೆದ ರಾತ್ರಿ ಲಡಾಖಿನಲ್ಲಿ ಇರುವುದಿಲ್ಲ. ಆತ ಇರುವುದು ಊರಿನಿಂದ ಎರಡು ಮೈಲಿ ಆಚೆ, ತನ್ನ ಕೊಳವೆಬಾವಿಯ ಬಳಿ. ತ್ರೀಫೇಸ್ ಕರೆಂಟು ನಡುರಾತ್ರಿಗೆ ಬಂದರೆ ನಡುರಾತ್ರಿಗೇ ಎದ್ದು ಹೋಗಿ ಮೋಟಾರು ಹಾಕಿ, ಕಡಲೆಕಾಯಿ ಮಡಿಗಳಿಗೆ ಒಂದೊಂದಾಗಿ ನೀರು ತಿರುವಿ, ಬೆಳಗಿನ ಜಾವ ಮನೆಗೆ ಬರುತ್ತಾನೆ. ಕಾರ್ತಿಕದಲ್ಲಾದರೆ ಕಣದ ರಾಶಿಯ ಪಕ್ಕ ಕಂಬಳಿ ಹೊದ್ದು ಮಲಗಿರುತ್ತಾನೆ. ಮಾಘ ಫಾಲ್ಗುಣಗಳಲ್ಲಿ ಹುಣಿಸೆಹಣ್ಣಿನ ಮೂಟೆಯೊಂದಿಗೆ ಗಡಿ ದಾಟಿ ಹಿಂದೂಪುರದ ಮಂಡಿಯಲ್ಲಿ ರಾತ್ರಿ ಕಳೆದಿರುತ್ತಾನೆ. ಕಾಡುಗೊಲ್ಲರ ಹಟ್ಟಿಯವನಾದರೆ ಮಂದೆಯ ಹಿಂದೆ ತಿಂಗಳುಗಟ್ಟಲೆ ಯಾವ ವಿಳಾಸವೂ ಇಲ್ಲದೆ ತಿರುಗುತ್ತಿರುತ್ತಾನೆ. ಈತನ ಮೇಲೆ ಕೊಲೆಯತ್ನದ ದೂರು ಬಿದ್ದರೆ ಎಲ್ಲಿದ್ದೆನೆಂದು ತೋರಿಸಲು ಈತನ ಬಳಿ ಏನಿದೆ? ಹರಿದ ನೀರು ಇದೆ, ಒದ್ದೆಯಾದ ಮಣ್ಣು ಇದೆ. ಅವು ಮೂರು ದಿನದಲ್ಲಿ ಆರುತ್ತವೆ; ಮೊಕದ್ದಮೆ ಆರುವುದಿಲ್ಲ.

ತಾನು ಆ ಸ್ಥಳದಲ್ಲಿರಲಿಲ್ಲ, ಬೇರೆಡೆ ಇದ್ದೆ ಎಂಬ ಈ ವಾದವನ್ನು ವಕೀಲರು ಅಲಿಬಿ ಎನ್ನುತ್ತಾರೆ. ಬೇರೆಡೆ ಎಂಬುದೇ ಆ ಲ್ಯಾಟಿನ್ ಪದದ ಅರ್ಥ. ಇದರ ಎದುರು ನಿಲ್ಲುವುದು ಪ್ರತ್ಯಕ್ಷ ಸಾಕ್ಷಿಯ ಮಾತು: ‘ಇವನನ್ನು ನಾನು ಕಣ್ಣಾರೆ ಕಂಡೆ.’ ಹಳ್ಳಿಗಾಡಿನ ಬಹುತೇಕ ಹೊಡೆದಾಟದ ಮೊಕದ್ದಮೆಗಳು ಕಡೆಗೆ ಬಂದು ನಿಲ್ಲುವುದು ಈ ಎರಡು ಮಾತುಗಳ ನಡುವೆಯೇ. ಈ ಎರಡನ್ನೂ ನ್ಯಾಯ ವ್ಯವಸ್ಥೆ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ ಎಂಬುದೇ ಇಲ್ಲಿನ ಆಕ್ಷೇಪ.

ಮೊದಲು ಕಣ್ಣಿನ ವಿಚಾರ. ಗುರುತಿಸುವಿಕೆಯಲ್ಲಿ ಎರಡು ಬಗೆಯಿದೆ. ಇವನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧ ಗೊಂದಲ. ಅಪರಿಚಿತನನ್ನು ಗುರುತಿಸುವುದು ಒಂದು. ಅಲ್ಲಿ ಕಣ್ಣು ಪ್ರಾಮಾಣಿಕವಾಗಿಯೇ ತಪ್ಪಬಹುದು. ಇದಕ್ಕೆ ಕಾನೂನು ಗುರುತು ಪತ್ತೆ ಪರೇಡ್ ಎಂಬ ಪರೀಕ್ಷೆಯನ್ನು ಇಟ್ಟಿದೆ. ಹೋಲಿಕೆಯುಳ್ಳ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸಬೇಕು. ಅದಕ್ಕೆ ಮೊದಲು ಆರೋಪಿಯ ಮುಖ ಸಾಕ್ಷಿಗೆ ಕಾಣಕೂಡದು. ಠಾಣೆಯ ಬೆಂಚಿನ ಮೇಲೆ ಇಡೀ ದಿನ ಕೂರಿಸಿ, ಪತ್ರಿಕೆಗೆ ಫೋಟೋ ಕೊಟ್ಟು, ಇಪ್ಪತ್ತು ದಿನದ ಮೇಲೆ ನಡೆಸುವ ಪರೇಡಿಗೆ ಯಾವ ಬೆಲೆಯೂ ಇಲ್ಲ. ಇನ್ನು ಪರೇಡೇ ಇಲ್ಲದೆ, ನಾಲ್ಕು ವರ್ಷದ ನಂತರ ಕಟಕಟೆಯಲ್ಲಿ ನಿಂತ ಒಬ್ಬನೇ ಒಬ್ಬನತ್ತ ಬೆರಳು ತೋರಿಸಿ ‘ಇವನೇ’ ಎನ್ನುವುದರಲ್ಲಿ ಪರೀಕ್ಷೆಯೆಂಬುದು ಎಲ್ಲಿದೆ? ಕಟಕಟೆಯಲ್ಲಿ ಬೇರೆ ಯಾರು ನಿಂತಿರುತ್ತಾರೆ?

ಎರಡನೆಯದು ಪರಿಚಿತನನ್ನು ಹೆಸರಿಸುವುದು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆದ್ದರಿಂದ ಅಲ್ಲಿ ಪರೇಡಿನ ಮಾತೇ ಬರುವುದಿಲ್ಲ. ದೂರಿನಲ್ಲಿ ಹೆಸರು ಬರೆಸಿದರೆ ಆಯಿತು. ಇಲ್ಲಿ ತಪ್ಪುವುದು ಕಣ್ಣಿಗಿಂತ ಹೆಚ್ಚಾಗಿ ಮನಸ್ಸು. ಎರಡು ಪಾರ್ಟಿಗಳಿರುವ ಊರಿನಲ್ಲಿ ಹೊಡೆದವರು ನಾಲ್ವರಾದರೆ ದೂರಿನಲ್ಲಿ ಹದಿನಾಲ್ಕು ಹೆಸರು. ಅಣ್ಣನ ಹೆಸರಿನ ಹಿಂದೆ ತಮ್ಮಂದಿರು, ಭಾವಮೈದ, ಕಡೆಗೆ ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿರುವ ಹುಡುಗ. ಸಾಲದ್ದಕ್ಕೆ ‘ಮತ್ತು ಇತರರು’ ಎಂಬ ಬಾಲ. ಜಯಮಂಗಲಿ, ಸುವರ್ಣಮುಖಿಯ ಪಾತ್ರದಲ್ಲಿ ರಾತ್ರಿ ಮರಳು ತುಂಬುವ ಟ್ರ್ಯಾಕ್ಟರುಗಳಿಗೆ ಅಡ್ಡ ನಿಂತವರಿಗೆ ಈ ಬಾಲದ ಪರಿಚಯ ಚೆನ್ನಾಗಿರುತ್ತದೆ. ಮೊದಲು ದೂರು ಕೊಟ್ಟವರು ಅವರೇ ಆದರೂ ಬೆಳಗಾಗುವಷ್ಟರಲ್ಲಿ ಪ್ರತಿದೂರಿನಲ್ಲಿ ಆರೋಪಿಗಳಾಗಿರುತ್ತಾರೆ. ಹೋರಾಟದ ಸಭೆಗೆ ಬರುವ ಎಲ್ಲರ ಹೆಸರನ್ನೂ ಸೇರಿಸಲು ಅದೊಂದು ಸುಲಭೋಪಾಯ.

ಈ ಪ್ರವೃತ್ತಿ ನ್ಯಾಯಾಲಯಗಳಿಗೆ ತಿಳಿಯದ್ದಲ್ಲ. 1953ರ ದಲೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹತನಾದವನ ಬಂಧುವು ನಿಜವಾದ ಅಪರಾಧಿಯನ್ನು ಬಿಟ್ಟು ನಿರಪರಾಧಿಯನ್ನು ಸಿಲುಕಿಸುವವರಲ್ಲಿ ಕೊನೆಯವನೆಂದು ಹೇಳಿತು. ಈ ಮಾತನ್ನು ಸರ್ಕಾರಿ ಅಭಿಯೋಜಕರು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅದೇ ತೀರ್ಪು, ದ್ವೇಷವಿದ್ದಲ್ಲಿ ಅಪರಾಧಿಯ ಜೊತೆಗೆ ನಿರಪರಾಧಿಯನ್ನೂ ಎಳೆದು ಸೇರಿಸುವ ಪ್ರವೃತ್ತಿಯುಂಟು ಎಂದೂ ಎಚ್ಚರಿಸಿತ್ತು. ಆ ಭಾಗವನ್ನು ಅವರು ಓದುವುದು ಕಡಿಮೆ. 1964ರ ಮಸಾಲ್ತಿ ತೀರ್ಪು, ಗುಂಪು ದಾಳಿಗಳಲ್ಲಿ ಒಬ್ಬ ಆರೋಪಿಯನ್ನು ಇಬ್ಬರು, ಮೂವರು ಅಥವಾ ಹೆಚ್ಚು ಸಾಕ್ಷಿಗಳು ಹೆಸರಿಸಿದರೆ ಮಾತ್ರ ಶಿಕ್ಷೆ ವಿಧಿಸುವ ವಿಧಾನವನ್ನು ಒಪ್ಪಿತು. ಸದುದ್ದೇಶದ ಸೂತ್ರವೇ. ಆದರೆ ಕೃಷಿ ಪ್ರಯೋಗ ಮಾಡುವ ಯಾವ ವಿದ್ಯಾರ್ಥಿಗೂ ತಿಳಿದಿರುವ ಸಂಗತಿಯೊಂದಿದೆ: ಒಂದೇ ಮಡಿಯಿಂದ ತೆಗೆದ ನಾಲ್ಕು ಮಣ್ಣಿನ ಮಾದರಿಗಳು ನಾಲ್ಕು ಪ್ರಯೋಗಗಳಾಗುವುದಿಲ್ಲ, ಅವು ಒಂದೇ ಪ್ರಯೋಗದ ನಾಲ್ಕು ಅಳತೆಗಳು. ಒಂದೇ ಮನೆಯ ಜಗುಲಿಯಲ್ಲಿ ಕೂತು, ಒಂದೇ ರಾತ್ರಿ ಚರ್ಚಿಸಿ, ಒಂದೇ ದೂರಿಗೆ ಹೊಂದುವಂತೆ ಹೇಳಿಕೆ ಕೊಟ್ಟ ನಾಲ್ವರು ಸಾಕ್ಷಿಗಳೂ ಹಾಗೆಯೇ. ಅವರನ್ನು ನಾಲ್ಕೆಂದು ಎಣಿಸುವುದು ಲೆಕ್ಕದ ತಪ್ಪು.

ಬೆಳಕಿನ ಪ್ರಶ್ನೆಯೂ ಇದೆ. 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ನಕ್ಸಲರ ದಾಳಿಯಾಯಿತು; ಹಲವು ಪೊಲೀಸರು ಹತರಾದರು. ನಾಲ್ಕು ದಿನಗಳ ಹಿಂದೆ, ಫೆಬ್ರವರಿ 6ರಂದು, ಚಿಕ್ಕಮಗಳೂರು ಜಿಲ್ಲೆಯಲ್ಲಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ಬಡಪಾಯಿ ಪೇದೆಗಳನ್ನು ಹಾಗೆ ಕೊಂದುದನ್ನು ಯಾವ ಸಿದ್ಧಾಂತವೂ ಸಮರ್ಥಿಸಲಾರದು. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಪಂಚಾಂಗ ತೆಗೆದು ನೋಡಿದರೆ ಆ ವರ್ಷ ಅಮಾವಾಸ್ಯೆ ಫೆಬ್ರವರಿ 8ಕ್ಕೆ. 10ರ ರಾತ್ರಿ ಎಳೆಯ ಚಂದ್ರ ಸಂಜೆಯೇ ಮುಳುಗಿ ಹೋಗಿದ್ದ. ಅಂತಹ ಕತ್ತಲೆಯಲ್ಲಿ ನಡೆದ ದಾಳಿಯ ತನಿಖೆ ವರ್ಷಗಟ್ಟಲೆ ಸಾಗಿತು. 2019ರಲ್ಲಿಯೂ, ಅಂದರೆ 14 ವರ್ಷಗಳ ನಂತರವೂ, ಆ ಪ್ರಕರಣದ ಆರೋಪಿಯೊಬ್ಬರನ್ನು ಹೊರರಾಜ್ಯದ ಜೈಲಿನಿಂದ ಪಾವಗಡಕ್ಕೆ ಕರೆತರಲಾಯಿತು. ಆ ದಿನ ಗುರುವಾರವಾಗಿತ್ತು. ಓದುಗರು ಒಮ್ಮೆ ನೆನಪಿಸಿಕೊಳ್ಳಲಿ: 2005ರ ಫೆಬ್ರವರಿಯ ಆ ಗುರುವಾರ ರಾತ್ರಿ ತಾವು ಎಲ್ಲಿದ್ದಿರಿ? ಯಾರೊಂದಿಗೆ? ಅದಕ್ಕೆ ಕಾಗದ ಎಲ್ಲಿದೆ?

ಪಂಚಾಂಗದ ಸಾಕ್ಷ್ಯ ಹೊಸದೇನಲ್ಲ. 1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಇನ್ನೂ ಅಧ್ಯಕ್ಷನಾಗದಿದ್ದ ವಕೀಲ ಅಬ್ರಹಾಂ ಲಿಂಕನ್, ಬೆಳದಿಂಗಳಲ್ಲಿ ಕೊಲೆಯನ್ನು ಕಂಡೆನೆಂದ ಸಾಕ್ಷಿಯ ಎದುರು ಪಂಚಾಂಗ ತೆರೆದಿಟ್ಟ. ಸಾಕ್ಷಿ ಹೇಳಿದ ಹೊತ್ತಿಗೆ ಚಂದ್ರ ಮುಳುಗುವ ಅಂಚಿನಲ್ಲಿದ್ದ. ಆರೋಪಿ ಖುಲಾಸೆಯಾದ. ಈ ನಾಲ್ಕು ತಾಲ್ಲೂಕುಗಳ ಯಾವ ಮನೆಯಲ್ಲಿ ಪಂಚಾಂಗವಿಲ್ಲ? ಆದರೆ ಮಹಜರಿನಲ್ಲಿ ‘ಬೀದಿ ದೀಪದ ಬೆಳಕಿನಲ್ಲಿ’ ಎಂದು ಬರೆದುಕೊಂಡ ತನಿಖಾಧಿಕಾರಿ, ಆ ಕಂಬದಲ್ಲಿ ಬಲ್ಬು ಇತ್ತೇ, ಆ ಗಂಟೆಯಲ್ಲಿ ಕರೆಂಟು ಇತ್ತೇ ಎಂದು ವಿದ್ಯುತ್ ಉಪಕೇಂದ್ರದಲ್ಲಿ ವಿಚಾರಿಸದಿದ್ದರೆ ಆ ಬೆಳಕು ಕಾಗದದ ಮೇಲಿನ ಬೆಳಕು ಮಾತ್ರ.

ಕಣ್ಣು ಎಷ್ಟು ದೃಢವಾಗಿ ತಪ್ಪಬಲ್ಲುದು ಎಂಬುದಕ್ಕೆ ಲಂಡನ್ನಿನ ಅಡಾಲ್ಫ್ ಬೆಕ್ ಪ್ರಕರಣ ಇಂದಿಗೂ ಪಾಠ. 1896ರಲ್ಲಿ ಹತ್ತು ಮಂದಿ ಹೆಂಗಸರು ತಮ್ಮನ್ನು ವಂಚಿಸಿದವನು ಇವನೇ ಎಂದು ಆತನತ್ತ ಕೈತೋರಿದರು. 1877ರಲ್ಲಿ ಅದೇ ಬಗೆಯ ವಂಚನೆಗೆ ಶಿಕ್ಷೆಯಾಗಿದ್ದ ಜಾನ್ ಸ್ಮಿತ್ ಎಂಬವನೇ ಈತ ಎಂಬುದು ಪೊಲೀಸರ ನಂಬಿಕೆ. 1877ರಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆನೆಂದು ತೋರಿಸಲು ಬೆಕ್ ಸಿದ್ಧನಿದ್ದ. ನ್ಯಾಯಾಧೀಶ ಆ ಪ್ರಶ್ನೆಯನ್ನು ಎತ್ತಲು ಬಿಡಲಿಲ್ಲ. ಬೆಕ್ ಜೈಲಿಗೆ ಹೋದ, ಬಿಡುಗಡೆಯಾದ, 1904ರಲ್ಲಿ ಮತ್ತೆ ಅದೇ ಆರೋಪದಲ್ಲಿ ಸಿಕ್ಕಿಬಿದ್ದ. ಆತ ಬಂಧನದಲ್ಲಿರುವಾಗಲೇ ಅದೇ ವಂಚನೆ ಮುಂದುವರಿದು ನಿಜವಾದ ವಂಚಕ ಸೆರೆಯಾದ. ಆ ಹತ್ತು ಹೆಂಗಸರಲ್ಲಿ ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲವೆಂಬುದೇ ಇಲ್ಲಿ ಭಯಹುಟ್ಟಿಸುವ ಸಂಗತಿ. ಇಂಗ್ಲೆಂಡು ಇದರಿಂದ ಕಲಿತು 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವನ್ನೇ ಸ್ಥಾಪಿಸಿತು.

ಹತ್ತಿರದ ಉದಾಹರಣೆ ಬೇಕಾದವರು ಕೊಡಗಿನತ್ತ ನೋಡಬಹುದು. ಕುಶಾಲನಗರದ ಬಳಿಯ ಆದಿವಾಸಿಯೊಬ್ಬ ತನ್ನ ಪತ್ನಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟ. ಬೇರೊಂದು ಕಡೆ ಸಿಕ್ಕ ಎಲುಬುಗಳನ್ನು ಆಕೆಯದೆಂದು ಗುರುತಿಸಿ ಆತನ ಮೇಲೆಯೇ ಕೊಲೆ ಆರೋಪ ಹೊರಿಸಲಾಯಿತು. ಡಿಎನ್‌ಎ ಹೊಂದಲಿಲ್ಲ, ಆದರೂ ಮೊಕದ್ದಮೆ ನಡೆಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆತ ಸೆರೆಯಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ‘ಹತಳಾದ’ ಪತ್ನಿ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಇಲ್ಲಿ ಅಲಿಬಿ ಇದ್ದದ್ದು ಸತ್ತವಳಿಗೆ! ಆಕೆ ನಡೆದು ಬಂದು ಎದುರು ನಿಲ್ಲುವವರೆಗೆ ಬಡವನ ಮಾತಿಗೆ ಬೆಲೆ ಬರಲಿಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ‘ಆ ಸಮಯದಲ್ಲಿ ತಾನು ಬೇರೆಡೆ ಇದ್ದೆನೆಂದು ನ್ಯಾಯಾಲಯ ನಂಬಬೇಕೆಂದು ಬಯಸುವವನು ಅದನ್ನು ರುಜುವಾತುಪಡಿಸಬೇಕು’ ಎಂಬುದು ಹಳೆಯ ಕಾನೂನಿನ 103ನೇ ಕಲಮಿನ, ಹೊಸ ಕಾನೂನಿನ 106ನೇ ಕಲಮಿನ ಉದಾಹರಣೆಯ ಸಾರ. ಬಿಹಾರದ ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಲಿಬಿ ಹೇಳುವವನು ತಾನು ಅಲ್ಲಿರುವ ಸಾಧ್ಯತೆಯೇ ಇಲ್ಲವೆಂಬುದನ್ನು ಪೂರ್ಣ ಖಚಿತವಾಗಿ ತೋರಿಸಬೇಕು ಎಂದಿತು. ಅಪರಾಧವನ್ನು ಸಿದ್ಧಪಡಿಸಲು ಸರ್ಕಾರಕ್ಕೆ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಷ್ಟು ರುಜುವಾತು ಸಾಕು. ಇಲ್ಲದಿರುವಿಕೆಯನ್ನು ಸಿದ್ಧಪಡಿಸಲು ಕೂಲಿಯವನಿಗೆ ಪೂರ್ಣ ಖಚಿತತೆ ಬೇಕು! ನ್ಯಾಯವಾಗಿ ಹೇಳಬೇಕೆಂದರೆ, ಆರೋಪಿಯ ಸಾಕ್ಷ್ಯವು ಆತನ ಹಾಜರಿಯ ಬಗ್ಗೆ ಸಮಂಜಸ ಸಂಶಯ ಮೂಡಿಸುವಂತಿದ್ದರೆ ಅದರ ಲಾಭ ಆತನಿಗೇ ಸಲ್ಲಬೇಕೆಂದೂ ಅದೇ ತೀರ್ಪು ಹೇಳುತ್ತದೆ. ಕೆಳ ನ್ಯಾಯಾಲಯಗಳ ಕೈಗೆ ಮೊದಲು ಸಿಗುವುದು ‘ಪೂರ್ಣ ಖಚಿತ’ ಎಂಬ ಮಾತು. ಎರಡನೆಯದನ್ನು ಹುಡುಕಿ ತೋರಿಸುವ ವಕೀಲನಿಗೆ ಬಡವನು ಫೀಸು ಕೊಡಲಾರ.

ಇನ್ನು ಬಂಧುಗಳ ಮಾತು. ಹತನ ತಮ್ಮ ಸಾಕ್ಷಿ ಹೇಳಿದರೆ ಆತ ‘ಸಹಜ ಸಾಕ್ಷಿ’. ಆರೋಪಿಯ ಹೆಂಡತಿ, ‘ಅಂದು ನನ್ನ ಗಂಡ ಹೊಲದಲ್ಲಿದ್ದ, ನಾನೇ ರೊಟ್ಟಿ ಕೊಟ್ಟು ಕಳಿಸಿದೆ’ ಎಂದರೆ ಆಕೆ ‘ಹಿತಾಸಕ್ತ ಸಾಕ್ಷಿ’. ಪ್ರತಿವಾದಿಯ ಸಾಕ್ಷಿಗಳಿಗೂ ಸರ್ಕಾರದ ಸಾಕ್ಷಿಗಳಷ್ಟೇ ಸಮಾನ ಮನ್ನಣೆ ಸಲ್ಲಬೇಕೆಂದು 1981ರ ದೂಧನಾಥ್ ಪಾಂಡೆ ತೀರ್ಪು ಸ್ಪಷ್ಟವಾಗಿ ಹೇಳಿದೆ. ನಾಲ್ಕು ದಶಕ ಕಳೆದರೂ ರೊಟ್ಟಿ ಕೊಟ್ಟವಳ ಮಾತು ಪಾಟೀ ಸವಾಲಿನಲ್ಲಿ ಎರಡು ನಿಮಿಷ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ರಾತ್ರಿ ಹೊತ್ತು ಒಬ್ಬನು ಎಲ್ಲಿದ್ದಾನೆಂದು ಬಲ್ಲವರು ಮನೆಯವರಲ್ಲದೆ ಮತ್ತಾರು?

ಉಳ್ಳವರ ಅಲಿಬಿ ಬೇರೆ ಜಾತಿಯದು. ಆಸ್ಪತ್ರೆಯ ದಾಖಲಾತಿ ಚೀಟಿ, ಹೋಟೆಲಿನ ಬಿಲ್ಲು, ಹೆದ್ದಾರಿಯ ಟೋಲ್ ರಸೀದಿ, ವಿಮಾನದ ಟಿಕೆಟ್ಟು ಎಲ್ಲವೂ ಕೇಳುವ ಮೊದಲೇ ಫೈಲಿನಲ್ಲಿ ಸಿದ್ಧವಿರುತ್ತವೆ. ಕೆಲವೊಮ್ಮೆ ಘಟನೆಗೂ ಮೊದಲೇ. ಬಡವನಲ್ಲಿರುವುದು ಬಸ್ಸಿನ ಟಿಕೆಟ್ಟು. ಶಾಖದಿಂದ ಅಚ್ಚಾಗುವ ಆ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋದವನ ಹಾಜರಿ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲಿರುತ್ತದೆ. ಕೋರ್ಟೆಂದರೆ ಆ ಮೇಸ್ತ್ರಿ ಫೋನು ಎತ್ತುವುದಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿ 2,050 ಮೆಗಾವಾಟಿನ ಸೌರ ಪಾರ್ಕಿಗೆ ಗುತ್ತಿಗೆಯಾಗಿ ಹೋದ ಮೇಲೆ ಆ ಹೊಲಗಳ ಕೂಲಿಯನ್ನೇ ನಂಬಿದ್ದ ಭೂರಹಿತರಿಗೆ ಊರು ಬಿಡುವುದೇ ದಾರಿಯಾಯಿತು. ಅವರ ದಿನಚರಿಗೆ ದಾಖಲೆಯೆಂಬುದೇ ಇಲ್ಲ. ಮೊಬೈಲ್ ಇದೆಯಲ್ಲ ಎನ್ನುವವರು ಹಳ್ಳಿಯ ಟವರನ್ನು ನೋಡಿಲ್ಲ. ಒಂದು ಟವರು ಹಲವು ಊರುಗಳಿಗೆ ಸಾಕು. ಹೊಲವೂ ಘಟನಾ ಸ್ಥಳವೂ ಅದರ ಲೆಕ್ಕದಲ್ಲಿ ಒಂದೇ. ಗಡಿಯಲ್ಲಾದರೆ ಮನೆಯಲ್ಲಿ ಕೂತವನ ಫೋನೂ ಆಂಧ್ರದ ಟವರಿಗೆ ಹಾರುತ್ತದೆ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಕಾಲದ್ದು. ಮೊದಲ ದಿನವೇ ಆರೋಪಿ ‘ನಾನು ಅಲ್ಲಿರಲಿಲ್ಲ’ ಎಂದರೂ ಅದನ್ನು ಪರಿಶೀಲಿಸುವ ಹೊಣೆಯನ್ನು ತನಿಖಾಧಿಕಾರಿ ಹೊರುವುದಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸಿ, ಸರ್ಕಾರದ ಸಾಕ್ಷಿಗಳೆಲ್ಲ ಮುಗಿದು, ಪ್ರತಿವಾದಿಯ ಸಾಕ್ಷ್ಯದ ಸರದಿ ಬರುವ ಹೊತ್ತಿಗೆ ವರ್ಷಗಳೇ ಸಂದಿರುತ್ತವೆ. ತುಮಕೂರು ಜಿಲ್ಲೆಯಲ್ಲೇ 2010ರಲ್ಲಿ ನಡೆದ ದಲಿತ ಮಹಿಳೆಯೊಬ್ಬರ ಕೊಲೆಯ ಮೊಕದ್ದಮೆಯಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ನವೆಂಬರ್‌ನಲ್ಲಿ. ಆ ತೀರ್ಪಿನ ಸರಿತಪ್ಪು ಇಲ್ಲಿಯ ವಿಷಯವಲ್ಲ. ಗಮನಿಸಬೇಕಾದದ್ದು 14 ವರ್ಷ ಎಂಬ ಅವಧಿಯನ್ನು. ಅಷ್ಟು ಕಾಲ ಯಾವ ಟಿಕೆಟ್ಟು ಉಳಿದೀತು? ಫೋನ್ ಕರೆಗಳ ದಾಖಲೆಯನ್ನು ಕಂಪನಿಗಳು ಎರಡು ವರ್ಷ ಇಟ್ಟರೆ ಸಾಕೆಂಬ ನಿಯಮವಿದೆ. ಅಂಗಡಿಯ ಕ್ಯಾಮೆರಾದ ಚಿತ್ರ ವಾರಗಳಲ್ಲಿ ಅಳಿಸಿಹೋಗುತ್ತದೆ. ಉಳಿದರೂ ಅದಕ್ಕೆ ಹೊಸ ಕಾನೂನಿನ 63ನೇ ಕಲಮಿನ ಪ್ರಮಾಣಪತ್ರ ಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ವಿಧಿಸಿತು. ಆರೋಪಿ ಹೇಳಿದ ‘ಬೇರೆಡೆ’ಗೂ ಯಾರಾದರೂ ಹೋಗಿ ನೋಡಬೇಕೆಂಬ ಒಂದು ಸಾಲು ಅದರಲ್ಲಿಲ್ಲ.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಅದು ಹಗುರವಾದದ್ದಲ್ಲ. ಪ್ರತ್ಯಕ್ಷ ಸಾಕ್ಷಿಯನ್ನು ಹೀಗೆ ಸಂಶಯಿಸಿದರೆ ಬಲಾಢ್ಯರೇ ಬಚಾವಾಗುವುದಿಲ್ಲವೇ? ಕಂಬಾಲಪಲ್ಲಿಯನ್ನು ಮರೆಯಲಾದೀತೇ? ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸುಟ್ಟವರು ಅಪರಿಚಿತರಲ್ಲ; ನೋಡಿದ ಕಣ್ಣುಗಳೂ ಇದ್ದವು. 2006ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು, ಸಾಕ್ಷಿಗಳು ಪ್ರತಿಕೂಲರಾದರೆಂದು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಅಲಿಬಿಯ ಅಗತ್ಯವೇ ಬೀಳಲಿಲ್ಲ. ಆರು ವರ್ಷ ಅದೇ ಊರಿನಲ್ಲಿ, ಅದೇ ಜಮೀನುಗಳ ನಡುವೆ, ಯಾವ ರಕ್ಷಣೆಯೂ ಇಲ್ಲದೆ ಬದುಕಬೇಕಾದ ಸಾಕ್ಷಿಗೆ ಕಂಡದ್ದನ್ನು ಕಂಡೆನೆನ್ನುವುದು ಸಾಧ್ಯವಾಗಲಿಲ್ಲ. ದೇಶಕ್ಕೊಂದು ಸಾಕ್ಷಿ ರಕ್ಷಣಾ ಯೋಜನೆ ಬಂದದ್ದೇ 2018ರಲ್ಲಿ, ಸುಪ್ರೀಂ ಕೋರ್ಟಿನ ಆದೇಶದಿಂದ.

ಕಂಬಾಲಪಲ್ಲಿಯನ್ನು ಮುಂದಿಟ್ಟು ಬಡವನ ಅಲಿಬಿಯನ್ನು ತಳ್ಳಿಹಾಕುವವರು ತಪ್ಪು ಪಾಠ ಕಲಿತಿದ್ದಾರೆ. ಅಲ್ಲಿ ಸೋತದ್ದೂ ಬಡವನ ಮಾತೇ. ಎಲ್ಲ ಭಾರವನ್ನೂ ಹಳ್ಳಿಯವನ ಕಣ್ಣು ಮತ್ತು ನಾಲಗೆಯ ಮೇಲೆ ಹೇರಿ, ತಾನು ಏನನ್ನೂ ಅಳೆಯದೆ, ಏನನ್ನೂ ಸಂಗ್ರಹಿಸದೆ ಕೂತ ತನಿಖೆ ಒಂದೆಡೆ ಸಂತ್ರಸ್ತನನ್ನು ಕೈಬಿಡುತ್ತದೆ, ಇನ್ನೊಂದೆಡೆ ನಿರಪರಾಧಿಯನ್ನು ಒಳಗೆ ತಳ್ಳುತ್ತದೆ. ಘಟನೆಯ ವಾರದೊಳಗೆ ಪ್ರತಿ ಆರೋಪಿಯೂ ಎಲ್ಲಿದ್ದನೆಂಬುದನ್ನು ಪೊಲೀಸರೇ ತಾಳೆನೋಡಿ ಬರೆದಿಟ್ಟರೆ, ಉಳ್ಳವನು ಆಮೇಲೆ ಕೊಂಡು ತರುವ ಆಸ್ಪತ್ರೆ ಚೀಟಿಯೂ ಅಲ್ಲೇ ಬಯಲಾಗುತ್ತದೆ. ಮೊದಲ ವಾರದ ಪರಿಶೀಲನೆಗೆ ಹೆದರಬೇಕಾದವನು ಸುಳ್ಳು ಅಲಿಬಿಯವನು. ಪಂಪ್‌ಸೆಟ್ಟಿನ ಬಳಿ ಇದ್ದವನಿಗೆ ಅದೇ ಏಕೈಕ ಆಸರೆ.

ಆ ಪಂಪ್‌ಸೆಟ್ಟಿಗೂ ಒಂದು ದಾಖಲೆಯುಂಟು. ಯಾವ ಫೀಡರಿಗೆ ಎಷ್ಟು ಗಂಟೆಗೆ ತ್ರೀಫೇಸ್ ಕೊಟ್ಟರು, ಎಷ್ಟಕ್ಕೆ ತೆಗೆದರು ಎಂಬುದನ್ನು ಬೆಸ್ಕಾಂ ಜಾಲದ ಉಪಕೇಂದ್ರಗಳ ಲಾಗ್ ಪುಸ್ತಕದಲ್ಲಿ ಬರೆಯಲಾಗುತ್ತದೆ. ಅದೊಂದರಿಂದಲೇ ಒಬ್ಬನು ಹೊಲದಲ್ಲಿದ್ದನೆಂದು ಸಿದ್ಧವಾಗದು. ಆದರೆ ‘ರಾತ್ರಿ ಎರಡಕ್ಕೆ ನೀರು ಕಟ್ಟಲು ಹೋಗಿದ್ದೆ’ ಎಂಬ ಮಾತಿಗೆ, ‘ಬೀದಿ ದೀಪದಲ್ಲಿ ಕಂಡೆ’ ಎಂಬ ಮಾತಿಗೆ ಅದು ಹೊರಗಿನ, ಯಾವ ಪಾರ್ಟಿಗೂ ಸೇರದ ಸಾಕ್ಷಿ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಓದುತ್ತಿರುವ ಹಳ್ಳಿಯ ಮಕ್ಕಳು ಇದಕ್ಕೆ ವಕೀಲರಾಗಬೇಕಿಲ್ಲ. ಊರಿನಲ್ಲಿ ಯಾರನ್ನಾದರೂ ಹಿಡಿದೊಯ್ದ ಸುದ್ದಿ ಬಂದ ದಿನವೇ ಬಿಳಿ ಹಾಳೆಯಲ್ಲಿ, ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ, 10 ರೂಪಾಯಿ ಶುಲ್ಕದೊಂದಿಗೆ ಆ ರಾತ್ರಿಯ ಲಾಗ್ ಪುಟದ ದೃಢೀಕೃತ ಪ್ರತಿ ಬೇಕೆಂದು ಮಾಹಿತಿ ಹಕ್ಕಿನ ಅರ್ಜಿ ಬರೆಯಬಹುದು. ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕೆಂದು 2005ರ ಆ ಅಧಿನಿಯಮದ 7ನೇ ಕಲಂ ಹೇಳುತ್ತದೆ. ಸೆರೆಯಲ್ಲಿರುವವನ ಸ್ವಾತಂತ್ರ್ಯದ ಪ್ರಶ್ನೆಯಿದೆಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬಾರದು.